ಸೂಜಿಯಿಂದ ಶುರುವಾಗುವ ಹಡಗು

ಇಗತಪುರಿಯಿಂದ ಸಮುದ್ರ ಕಾಣುವುದಿಲ್ಲ. ಮುಂಬೈ ಕಡೆಯಿಂದ ಬರುವ ರೈಲಿಗೆ ಕಸಾರಾದಲ್ಲಿ ಹಿಂದಿನಿಂದ ತಳ್ಳಲು ಹೆಚ್ಚುವರಿ ಎಂಜಿನುಗಳನ್ನು ಹಚ್ಚುತ್ತಾರೆ. ಮೂವತ್ತೇಳು ಅಡಿ ಸಾಗಿದರೆ ಒಂದಡಿ ಏರುವ ಥಳ್ ಘಾಟಿನ ದಾರಿ ಅದು. ಘಾಟು ಹತ್ತಿದ ಮೇಲೆ ಆ ಎಂಜಿನುಗಳನ್ನು ಕಳಚುವ ಊರು ಇಗತಪುರಿ. 1865ರಲ್ಲಿ ಹಳಿ ಇಲ್ಲಿಗೆ ಮುಟ್ಟಿದಂದಿನಿಂದ ಊರಿನ ಅರ್ಧ ಬದುಕು ರೈಲ್ವೆಯದ್ದು, ಉಳಿದರ್ಧ ಭತ್ತದ್ದು. ಇತ್ತೀಚಿನ ದಶಕಗಳಲ್ಲಿ ವಿಪಶ್ಯನಾ ಕೇಂದ್ರಕ್ಕೆ ಬಂದು ಹತ್ತು ದಿನ ಬಾಯಿ ಮುಚ್ಚಿಕೊಂಡು ಕೂತು ಹೋಗುವವರೂ ಸೇರಿದ್ದಾರೆ.

ಇಂಥ ಊರಿನಲ್ಲಿ ಒಬ್ಬರು ಎರಡೂವರೆ ವರ್ಷದಿಂದ ಹಡಗು ಕಟ್ಟುತ್ತಿದ್ದಾರೆ. ರೈಲ್ವೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಹುಟ್ಟಿದ್ದು ಕಾರವಾರದ ಪಕ್ಕದ ಅರಗಾದಲ್ಲಿ, ಹೆಂಡತಿ ಹಳಿಯಾಳದ ಕಡೆಯವರು. ನಲವತ್ತು ವರ್ಷ ಮಹಾರಾಷ್ಟ್ರದಲ್ಲಿ ಕಳೆದರೂ ಮನೆಯೊಳಗಿನ ಮಾತು ಕನ್ನಡವೇ. ಅವರದು ಕೊಂಕಣಿ ಬೆರೆತ ಕನ್ನಡ, ಆಕೆಯದು ಧಾರವಾಡದ್ದು. ಓಣಿಯ ಮಕ್ಕಳು ಅವರನ್ನು ‘ಜಹಾಜ್‌ವಾಲೇ ಕಾಕಾ’ ಅನ್ನುತ್ತಾರೆ. ಕಾಕಾ ಕಟ್ಟುತ್ತಿರುವ ಹಡಗಿನ ಉದ್ದ ಎಂಬತ್ತೆರಡು ಸೆಂಟಿಮೀಟರ್. ಊಟದ ಮೇಜಿನ ಅರ್ಧವನ್ನು ಅದು ಆಕ್ರಮಿಸಿಕೊಂಡಿದೆ.

ಮಾದರಿ ಹಡಗು ಕಟ್ಟಲು ಏನೇನು ಬೇಕು ಎಂದು ಕೇಳಿದರೆ ಪುಸ್ತಕಗಳು ಕೊಡುವ ಪಟ್ಟಿ ಹೆಚ್ಚುಕಡಿಮೆ ಒಂದೇ. ಚೂಪು ಬ್ಲೇಡಿನ ಚಾಕು, ಸಣ್ಣ ಹಲ್ಲಿನ ಗರಗಸ, ಕೈಯಿಂದ ತಿರುಗಿಸುವ ಪುಟ್ಟ ಬೈರಿಗೆ, ಚಿಮುಟ, ಇಕ್ಕಳ, ನಾಲ್ಕಾರು ಬಗೆಯ ಅರ, ಉಪ್ಪುಕಾಗದ, ಹಿಡಿಕೆ ಕ್ಲಿಪ್ಪುಗಳು, ಸಣ್ಣ ಸುತ್ತಿಗೆ, ಕೂದಲಿನಷ್ಟು ತೆಳುವಾದ ಮೊಳೆ, ಅಂಟು. ಫಿಟ್ಟರ್ ಕೆಲಸ ಮಾಡಿದವರಿಗೆ ಇದರಲ್ಲಿ ಹೊಸದೇನಿಲ್ಲ, ಎಲ್ಲವೂ ಗಾತ್ರದಲ್ಲಿ ಕುಗ್ಗಿದ್ದಷ್ಟೇ. ವಿದೇಶದಿಂದ ತರಿಸುವ ಸೆಟ್ಟಿನ ಬೆಲೆ ನೋಡಿ ಅವರು ಅದನ್ನು ಕೈಬಿಟ್ಟರು. ಚಾಕುವಿನ ಬದಲು ಔಷಧ ಅಂಗಡಿಗೆ ಹೋಗಿ ಶಸ್ತ್ರಚಿಕಿತ್ಸೆಯ 3ನೇ ನಂಬರಿನ ಹಿಡಿಕೆ, 11ನೇ ನಂಬರಿನ ಬ್ಲೇಡು ತಂದರು. ಇದಕ್ಕಿಂತ ಹರಿತವಾದದ್ದು ಯಾವ ಹವ್ಯಾಸಿ ಅಂಗಡಿಯಲ್ಲೂ ಸಿಗುವುದಿಲ್ಲ. ಉಳಿದದ್ದಕ್ಕೆ ನಾಶಿಕದ ಸರಾಫ್ ಬಜಾರ್. ಅಕ್ಕಸಾಲಿಗರಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸೂಜಿಯಂಥ ಅರಗಳು, ಎಳೆಯಂಥ ಗರಗಸದ ಅಲಗು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎಲ್ಲವೂ ಸಿಕ್ಕವು. ಅರಕ್ಕೆ ಮರಾಠಿಯವರು ಕಾನಸ್ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲೂ ಅದು ಕಾನಸೇ. ಅಂಗಡಿಯವನು ಕೊಟ್ಟದ್ದೂ ಇವರು ಕೇಳಿದ್ದೂ ಒಂದೇ ಪದದಲ್ಲಿ ಮುಗಿಯಿತು. ಹಿಡಿಕೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಸೈಕಲ್ ಟ್ಯೂಬನ್ನು ಅಡ್ಡ ಕತ್ತರಿಸಿದರೆ ಯಾವ ಅಳತೆಯ ರಬ್ಬರ್ ಬಳೆ ಬೇಕಾದರೂ ಸಿಗುತ್ತದೆ. ಐಸ್‌ಕ್ರೀಮ್ ಕಡ್ಡಿಗೆ ಉಪ್ಪುಕಾಗದ ಅಂಟಿಸಿದರೆ ಎಂಥ ಸಂದಿಯೂ ಉಜ್ಜಲು ಬರುತ್ತದೆ.

ಹೀಗೆ ಸಾಮಾನು ಕೂಡಿತು. ಕಟ್ಟಬೇಕಾದ ಹಡಗು ಯಾವುದು ಎಂಬುದು ಮಾತ್ರ ಮೊದಲೇ ನಿರ್ಧಾರವಾಗಿತ್ತು. ಅದು ಅಜಂತಾದ ಹಡಗು.

ಅಜಂತಾದ ಎರಡನೇ ಗುಹೆಯಲ್ಲಿ ಪೂರ್ಣ ಎಂಬ ವ್ಯಾಪಾರಿಯ ಕಥೆಯ ಚಿತ್ರವಿದೆ. ಅದರಲ್ಲೊಂದು ಹಡಗು: ಮೂರು ಕಂಬ, ನೀಳವಾದ ಮೂರು ಹಾಯಿ, ಹಿಂಬದಿಯಲ್ಲಿ ಸಾಲಾಗಿ ಇಟ್ಟ ಮಡಕೆಗಳು, ದಿಕ್ಕು ತಿರುಗಿಸಲು ಪಕ್ಕದಲ್ಲಿ ಇಳಿಬಿಟ್ಟ ಹುಟ್ಟು, ಮೂತಿಯ ಮೇಲೆ ಬರೆದ ಕಣ್ಣು. ಐದನೇ ಶತಮಾನದ ಚಿತ್ರ. ಸಮುದ್ರದಿಂದ ಇನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ಒಳನಾಡಿನಲ್ಲಿ, ಬೆಟ್ಟ ಕೊರೆದ ಗುಹೆಯ ಕತ್ತಲೆಯಲ್ಲಿ ಕೂತ ಚಿತ್ರಕಾರನಿಗೆ ಹಡಗಿನ ಪರಿಚಯ ಎಷ್ಟಿತ್ತೋ, ಕಣ್ಣು ಬರೆಯಬೇಕು ಎಂಬುದು ಅವನಿಗೆ ಗೊತ್ತಿತ್ತು. ನಮ್ಮ ಕರಾವಳಿಯ ದೋಣಿಗಳ ಮೂತಿಯ ಮೇಲೆ ಇವತ್ತಿಗೂ ಕಣ್ಣು ಬರೆಯುವವರಿದ್ದಾರೆ.

ಈ ಚಿತ್ರವನ್ನು ಆಧಾರವಾಗಿಟ್ಟುಕೊಂಡು ನಿಜವಾದ ಹಡಗನ್ನೇ ಕಟ್ಟುವ ಯೋಜನೆ 2023ರ ಜುಲೈಯಲ್ಲಿ ಒಪ್ಪಂದವಾಯಿತು. ಸಂಸ್ಕೃತಿ ಸಚಿವಾಲಯ, ಭಾರತೀಯ ನೌಕಾಪಡೆ, ಗೋವಾದ ಹೋಡಿ ಇನ್ನೋವೇಶನ್ಸ್ ಎಂಬ ದೋಣಿ ಕಟ್ಟುವ ಸಂಸ್ಥೆ, ಈ ಮೂವರ ನಡುವೆ. ಆ ಸೆಪ್ಟೆಂಬರಿನಲ್ಲಿ ತಳದ ತೊಲೆ ಇಟ್ಟರು. ಕೇರಳದ ಬಾಬು ಶಂಕರನ್ ಅವರ ಮುಂದಾಳತ್ವದಲ್ಲಿ ಬಡಗಿಗಳು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದರು. ಮೊಳೆ ಇಲ್ಲದ ಹೊಲಿಗೆ ಹಡಗು. ಸುಮಾರು ಅರವತ್ತೈದು ಅಡಿ ಉದ್ದ. ಪತ್ರಿಕೆಯಲ್ಲಿ ಈ ಸುದ್ದಿ ಓದಿದ ದಿನ ಕಾಕಾ ಹೆಂಡತಿಗೆ ಹೇಳಿದ್ದು ಒಂದೇ ಮಾತು: ‘ನಮ್ಮ ಅಪ್ಪನ ದೋಣಿ ಹಿಂಗೇ ಇತ್ತು.’

ಆ ಮಾತು ಸುಳ್ಳಲ್ಲ. ಕಾರವಾರದಿಂದ ಮಂಗಳೂರಿನ ತನಕ ಮೀನುಗಾರರು ಬಳಸುತ್ತಿದ್ದ ರಂಪಣಿ ದೋಣಿ ನಾರಿನ ಹುರಿಯಿಂದ ಹೊಲಿದದ್ದೇ ಆಗಿತ್ತು. ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರಕ್ಕೆ ಬಿಟ್ಟು ಬರುತ್ತದೆ. ಎರಡೂ ತುದಿಯನ್ನು ಊರಿನ ಹತ್ತಾರು ಮಂದಿ ಸೇರಿ ಎಳೆಯುತ್ತಾರೆ. ಬಂಗುಡೆ, ತಾರ್ಲೆ ರಾಶಿ ಬೀಳುತ್ತಿದ್ದ ಕಾಲ ಅದು. ದೋಣಿ ದಿನವೂ ಅಲೆ ಸೀಳಿ ಹೋಗಬೇಕು, ಮರಳಿಗೆ ಬಡಿದುಕೊಂಡೇ ವಾಪಸು ಬರಬೇಕು. ಮೊಳೆ ಹೊಡೆದ ದೋಣಿಯಾದರೆ ಆ ಏಟಿಗೆ ಹಲಗೆ ಸೀಳುತ್ತದೆ, ಉಪ್ಪುನೀರಿಗೆ ಮೊಳೆ ತುಕ್ಕು ಹಿಡಿಯುತ್ತದೆ. ಹೊಲಿದದ್ದು ಬಾಗಿ ತಡೆದುಕೊಳ್ಳುತ್ತದೆ. ಹುರಿ ಕೊಳೆತರೆ ಬಿಚ್ಚಿ ಮತ್ತೆ ಹೊಲಿಯುವುದು. ತಾರ್ಲೆ ಎಣ್ಣೆ ಬಳಿದ ದೋಣಿಯ ವಾಸನೆ ಕಾಕಾ ಅವರ ಬಾಲ್ಯದ ವಾಸನೆ. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು, ದಡಕ್ಕೆ ಬರುವ ಮೊದಲೇ ಮೀನಿನ ಗುಂಪನ್ನು ಸುತ್ತುವರಿಯತೊಡಗಿದವು. ರಂಪಣಿ ಮೂಲೆ ಸೇರಿತು, ದೋಣಿ ಹೊಲಿಯುವ ಕೆಲಸವೂ ಅದರ ಜೊತೆಗೇ ಹೋಯಿತು. ಅಷ್ಟರಲ್ಲಿ ಮಗ ರೈಲ್ವೆ ಸೇರಿಯಾಗಿತ್ತು.

ಹಾಗಿದ್ದರೂ ಕೆಲಸ ಶುರು ಮಾಡಿದಾಗ ಅವರು ಅಪ್ಪನ ದಾರಿ ಹಿಡಿಯಲಿಲ್ಲ, ಪುಸ್ತಕದ ದಾರಿ ಹಿಡಿದರು. ಪುಸ್ತಕ ಹೇಳುವ ಕ್ರಮ ಹೀಗೆ: ಮೊದಲು ತಳದ ತೊಲೆ, ಅದಕ್ಕೆ ಪಕ್ಕೆಲುಬುಗಳು, ಎಲುಬಿನ ಮೇಲೆ ಹಲಗೆಯ ಚರ್ಮ. ಯೂರೋಪಿನ ದೊಡ್ಡ ಹಡಗುಗಳನ್ನು ಹೀಗೆ ಕಟ್ಟುತ್ತಿದ್ದರು, ಮಾದರಿಗಳೂ ಅದೇ ಕ್ರಮ ಕಲಿತವು. ಹದಿನೇಳನೇ ಶತಮಾನದ ಇಂಗ್ಲೆಂಡಿನ ನೌಕಾ ಮಂಡಳಿಯ ಹೆಸರಿನಲ್ಲಿ ಪ್ರಸಿದ್ಧವಾದ ಮಾದರಿಗಳಲ್ಲಿ ಕೆಳಗಿನ ಹಲಗೆಗಳನ್ನು ಬೇಕೆಂದೇ ಹಚ್ಚದೆ ಬಿಡುತ್ತಿದ್ದರು, ಎಲುಬಿನ ಸಾಲು ನೋಡುವವರಿಗೆ ಕಾಣಲಿ ಎಂದು. ಕಾಲು ಇಂಚಿಗೆ ಒಂದು ಅಡಿ ಎಂಬ ಅವರ ಅಳತೆ ಇವತ್ತಿಗೂ ಚಾಲ್ತಿಯಲ್ಲಿದೆ. ಮುಂಬೈಯ ಪಾರ್ಸಿ ವಾಡಿಯಾಗಳು ತೇಗದಲ್ಲಿ ಕಟ್ಟಿದ್ದೂ ಅಂಥ ಎಲುಬಿನ ಹಡಗುಗಳನ್ನೇ. 1736ರಲ್ಲಿ ಸೂರತ್ತಿನಿಂದ ಬಂದ ಲವ್‌ಜಿ ನುಸರ್‌ವಾನ್‌ಜಿಯ ಮನೆತನ ಅದು. ಅವರ ಕೆಲಸ ಮೆಚ್ಚಿ ಕಂಪನಿ ಸರ್ಕಾರ ಕೊಟ್ಟ ಉಡುಗೊರೆಗಳಲ್ಲಿ ಬೆಳ್ಳಿಯ ಅಡಿಪಟ್ಟಿಯೂ ಇತ್ತು. ಬಡಗಿಗೆ ಕೊಡಲು ಅದಕ್ಕಿಂತ ಒಳ್ಳೆಯ ಉಡುಗೊರೆ ಹೊಳೆಯುವುದು ಕಷ್ಟ. 1817ರಲ್ಲಿ ಅವರು ನೀರಿಗಿಳಿಸಿದ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಈಗಲೂ ತೇಲುತ್ತಿದೆ.

ಕಾಕಾ ತಮ್ಮ ಅಳತೆಯನ್ನು ಅರ್ಧ ಇಂಚಿಗೆ ಒಂದು ಅಡಿ ಎಂದು ಇಟ್ಟುಕೊಂಡರು. ಪ್ಲೈವುಡ್ಡಿನಲ್ಲಿ ಹದಿನಾಲ್ಕು ಪಕ್ಕೆಲುಬು ಕತ್ತರಿಸಿ ನಿಲ್ಲಿಸಿದರು. ಹಲಗೆಯನ್ನು ಅದಕ್ಕೆ ಅಂಟಿಸಿ, ಆಮೇಲೆ ಅಲಂಕಾರಕ್ಕೆ ಹೊಲಿಗೆ ಹಾಕಿದರಾಯಿತು ಎಂಬ ಲೆಕ್ಕ. ನೋಡಲು ಚೆನ್ನಾಗಿಯೇ ಬರುತ್ತಿತ್ತು. ಆದರೆ ಸೂಜಿ ಒಳಗೆ ಹೋದರೆ ಹೊರಗೆ ಬರಲು ಜಾಗವಿಲ್ಲ, ಎಲುಬು ಅಡ್ಡ ಬರುತ್ತದೆ. ಎಲುಬಿರುವ ಕಡೆ ಹೊಲಿಗೆ ಬಿಟ್ಟರೆ ಸಾಲು ತುಂಡಾಗುತ್ತದೆ. ಒಂದು ವಾರ ಹೆಣಗಿದ ಮೇಲೆ ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ ಅದನ್ನು ಎತ್ತಿ ಅಟ್ಟಕ್ಕೆ ಹಾಕಿದರು.

ಹೊಲಿಗೆ ಹಡಗಿನ ಕ್ರಮವೇ ಉಲ್ಟಾ. ಅಲ್ಲಿ ಚರ್ಮ ಮೊದಲು, ಎಲುಬು ಕೊನೆಗೆ. ತಳದ ತೊಲೆಗೆ ಮೊದಲ ಹಲಗೆ ತಾಗಿಸಿ, ಎರಡರ ಅಂಚಿಗೂ ತೂತು ಕೊರೆಯುತ್ತಾರೆ. ಸಂದಿಯುದ್ದಕ್ಕೂ ಒಳಗಿನಿಂದ ತೆಂಗಿನ ನಾರಿನ ಬತ್ತಿ ಇಡುತ್ತಾರೆ. ಅದರ ಮೇಲಿಂದ ಹುರಿಯನ್ನು ಅಡ್ಡಡ್ಡ ಹಾಯಿಸಿ ಬಿಗಿಯುತ್ತಾರೆ, ತೂತನ್ನು ನಾರು ಮತ್ತು ರಾಳದಿಂದ ತುಂಬುತ್ತಾರೆ. ಆ ಹಲಗೆಯ ಮೇಲೆ ಇನ್ನೊಂದು ಹಲಗೆ. ಹಡಗಿನ ಹೊಟ್ಟೆ ಎಷ್ಟು ಉಬ್ಬಬೇಕು ಎಂಬುದನ್ನು ಎಲುಬಲ್ಲ, ಹಲಗೆಯ ಬಾಗು ಮತ್ತು ಬಡಗಿಯ ಕಣ್ಣು ತೀರ್ಮಾನಿಸುತ್ತವೆ. ಒಳಗಿನ ಎಲುಬುಗಳು ಬೇಕಾದರೆ ಆಮೇಲೆ ಬರುತ್ತವೆ, ಬಂದು ಅವೂ ಹುರಿಯಲ್ಲೇ ಕಟ್ಟಿಸಿಕೊಳ್ಳುತ್ತವೆ. ನಕ್ಷೆ ಇಲ್ಲದೆ ಕಟ್ಟುತ್ತಿದ್ದರು ಎಂದು ಜನ ಆಶ್ಚರ್ಯಪಡುವುದುಂಟು. ಚರ್ಮದಿಂದ ಶುರು ಮಾಡುವವನಿಗೆ ನಕ್ಷೆಯ ಅಗತ್ಯವೇ ಅಷ್ಟು ಬೀಳುವುದಿಲ್ಲ.

ಅಜಂತಾದ ಹಡಗಿಗೂ ನಕ್ಷೆ ಇರಲಿಲ್ಲ. ಗೋಡೆಯ ಮೇಲಿನ ಒಂದು ಪಕ್ಕದ ಚಿತ್ರದಿಂದ ಅಗಲ, ಆಳ, ನೀರೊಳಗಿನ ಆಕಾರ ಎಲ್ಲವನ್ನೂ ಊಹಿಸಬೇಕಿತ್ತು. ಐಐಟಿ ಮದ್ರಾಸಿನ ಸಾಗರ ಎಂಜಿನಿಯರಿಂಗ್ ವಿಭಾಗದಲ್ಲಿ ಮಾದರಿ ಪರೀಕ್ಷೆ ಮಾಡಿಸಿ ನೀರಿನಲ್ಲಿ ಅದು ಹೇಗೆ ವರ್ತಿಸುತ್ತದೆ ಎಂದು ನೋಡಿದರು. ಕಾಕಾ ತಾವೂ ಹೋಗಿ ಬಂದರು. ಜಳಗಾಂವ್ ತನಕ ರೈಲು, ಮುಂದೆ ಬಸ್ಸು, ಫರ್ದಾಪುರದ ಟೀ ಪಾಯಿಂಟಿನಿಂದ ಗುಹೆಯ ಬಸ್ಸು. ಗುಹೆಯ ಮಂದ ಬೆಳಕಿನಲ್ಲಿ ಹಡಗಿನ ಚಿತ್ರ ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ಹಿಂದೆ ನಿಂತ ಶಾಲಾ ಮಕ್ಕಳು ತಳ್ಳುವ ತನಕ ನೋಡಿ ಹೊರಬಂದರು. ನೋಡಿದ್ದರಿಂದ ಲಾಭ ಏನಾಯಿತು ಎಂದರೆ, ಹಲಗೆಯ ಜೋಡಣೆಯ ವಿಷಯ ಚಿತ್ರ ಏನೂ ಹೇಳುವುದಿಲ್ಲ ಎಂಬುದು ಖಚಿತವಾಯಿತು. ಅದನ್ನು ಅರಗಾದಿಂದಲೇ ತರಬೇಕಿತ್ತು.

ಎರಡನೇ ಸಲದ ಕೆಲಸಕ್ಕೆ ಸಾಮಾನಿನ ಪಟ್ಟಿ ಬದಲಾಯಿತು. ಸುತ್ತಿಗೆ ಬೇಡ, ಮೊಳೆ ಬೇಡ, ಅಂಟು ಹೆಚ್ಚುಕಡಿಮೆ ಬೇಡ. ಬೇಕಾದದ್ದು ತೂತು ಕೊರೆಯುವ ಸಾಧನ, ದಾರ, ಮೇಣ. ಅಸಲು ದೋಣಿಯಲ್ಲಿ ನಾಲ್ಕು ಬೆರಳಿಗೊಂದು ತೂತಾದರೆ ಈ ಅಳತೆಯಲ್ಲಿ ಮೂರು ಮಿಲಿಮೀಟರಿಗೊಂದು. ಪಕ್ಕಕ್ಕೆ ಹನ್ನೆರಡು ಹಲಗೆ, ಪ್ರತಿ ಸಂದಿಗೂ ಎರಡು ಸಾಲು ಎಂದು ಲೆಕ್ಕ ಹಾಕಿದರೆ ತೂತುಗಳ ಸಂಖ್ಯೆ ಹನ್ನೆರಡು ಸಾವಿರ ದಾಟುತ್ತದೆ. ಅಂಗಡಿಯ ಅತಿ ಸಣ್ಣ ಡ್ರಿಲ್ ಬಿಟ್ಟುಗಳು ಕೈ ಕೊಂಚ ಓರೆಯಾದರೂ ಪಟ್ಟೆಂದು ಮುರಿಯುತ್ತವೆ. ಎಂಟು ಮುರಿದ ಮೇಲೆ ಕಾಕಾ ಹೊಲಿಗೆ ಮಷೀನಿನ ಸೂಜಿಗೆ ಬಂದರು. ಆ ಸೂಜಿಯ ಮೇಲೆ 9/65 ಎಂದು ಬರೆದಿದ್ದರೆ ಅದರ ದಪ್ಪ 0.65 ಮಿಲಿಮೀಟರ್ ಎಂದೇ ಅರ್ಥ. ಕಣ್ಣಿನ ಭಾಗ ಮುರಿದು, ತುದಿಯನ್ನು ಸಾಣೆಕಲ್ಲಿಗೆ ಹಿಡಿದು ಚಪ್ಪಟೆ ಮೂತಿ ಮಾಡಿದರೆ ಅದೇ ಬೈರಿಗೆ. ಮೊಂಡಾದರೆ ಮತ್ತೆ ಸಾಣೆ. ಮಾದರಿ ಕಟ್ಟುವ ಯಾರೂ ಮಾಡಿಕೊಳ್ಳಬಹುದಾದ ಸಾಧನ ಇದು.

ತೂತನ್ನು ಎಲ್ಲಿ ಹಾಕಬೇಕು ಎಂಬುದು ಅವರಿಗೆ ರೈಲ್ವೆಯೇ ಕಲಿಸಿದ ಪಾಠ ಅನ್ನಿಸಿತ್ತು. ತಗಡಿಗೆ ರಿವೆಟ್ ಹೊಡೆಯುವಾಗ ತೂತಿನ ವ್ಯಾಸದ ಒಂದೂವರೆ ಪಟ್ಟು ದೂರವನ್ನು ಅಂಚಿನಿಂದ ಬಿಡುತ್ತಾರೆ. ಅದೇ ಲೆಕ್ಕದಲ್ಲಿ ಮರಕ್ಕೆ ಕೊರೆದರೆ ದಾರ ಬಿಗಿದ ಕೂಡಲೇ ಹಲಗೆ ಎಳೆಯುದ್ದಕ್ಕೂ ಬಿರಿಯಿತು. ಉಕ್ಕಿಗೆ ಎಳೆಯಿಲ್ಲ, ಮರಕ್ಕೆ ಇದೆ. ಮೂರು ಪಟ್ಟು ದೂರಕ್ಕೆ ಹೋಗಿ, ತೂತುಗಳನ್ನು ಒಂದೇ ಗೆರೆಯಲ್ಲಿ ಹಾಕದೆ ಒಂದು ಮೇಲೆ ಒಂದು ಕೆಳಗೆ ಮಾಡಿದಾಗ ಬಿರಿಯುವುದು ನಿಂತಿತು. ಮರವನ್ನೂ ಬದಲಿಸಿದರು. ತೇಗ ಅಸಲು ಹಡಗಿಗೆ ರಾಜ, ಆದರೆ ಮಾದರಿಯಲ್ಲಿ ಅದರ ಒರಟು ಎಳೆ ಹಡಗಿನ ಅಳತೆಯನ್ನೇ ಕೆಡಿಸುತ್ತದೆ. ಒಂದೊಂದು ಗೆರೆಯೂ ಹಗ್ಗದಷ್ಟು ದಪ್ಪ ಕಾಣುತ್ತದೆ. ಬೇಕಾದದ್ದು ನಯವಾದ, ಗೆರೆಯೇ ಕಾಣದ ಮರ. ಯೂರೋಪಿನವರು ಪೇರಳೆ ಜಾತಿಯ ಪಿಯರ್ ಮರ ಬಳಸುತ್ತಾರೆ ಎಂದು ತಪ್ಪಾಗಿ ಅನುವಾದಿಸುವವರಿದ್ದಾರೆ. ಪಿಯರ್ ನಮ್ಮ ಪೇರಳೆಯಲ್ಲ. ನಮ್ಮಲ್ಲಿ ಹುಡುಕಿದರೆ ಹೆದ್ದೆ ಮರ ಇದೆ, ಚನ್ನಪಟ್ಟಣದ ಬೊಂಬೆಯವರ ಆಲೆ ಮರವಂತೂ ಹೇಳಿ ಮಾಡಿಸಿದ ಹಾಗಿದೆ. ಬೆಂಗಳೂರಿನಲ್ಲಿರುವ ಸೊಸೆ ಚನ್ನಪಟ್ಟಣದಿಂದ ಒಂದು ಚೀಲ ಆಲೆ ಮರದ ತುಂಡು ತಂದುಕೊಟ್ಟಳು. ಅದನ್ನು ಎರಡು ಮಿಲಿಮೀಟರ್ ದಪ್ಪಕ್ಕೆ ಸೀಳಿ, ನೆನೆಸಿ, ಕುಕ್ಕರಿನ ಹಬೆಗೆ ಹಿಡಿದರೆ ಬೆತ್ತದ ಹಾಗೆ ಬಾಗುತ್ತದೆ. ಕುಕ್ಕರ್ ಯಾರದ್ದು ಎಂಬ ವಿಷಯದಲ್ಲಿ ಆ ಮನೆಯಲ್ಲಿ ಸ್ವಲ್ಪ ಮಾತುಕತೆ ಆಗಿದೆ.

ದಾರಕ್ಕೆ ಮೊದಲು ನಿಜವಾದ ತೆಂಗಿನ ನಾರಿನ ಒಂದೊಂದೇ ಎಳೆ ತೆಗೆದು ನೋಡಿದರು. ಬಾಗಿದಲ್ಲಿ ಮುರಿಯುತ್ತದೆ. ನೈಲಾನ್ ಹೊಳೆಯುತ್ತದೆ, ಯಾವ ಕಾಲಕ್ಕೂ ಹುರಿಯಂತೆ ಕಾಣುವುದಿಲ್ಲ. ಕೊನೆಗೆ ಹತ್ತಿಯ ದಾರ. ಅದನ್ನು ಚೊಗರಿನಲ್ಲಿ ಅದ್ದಿದರೆ ಬೇಕಾದ ಕಂದು ಬಣ್ಣ ಬರುತ್ತದೆ, ಜೇನುಮೇಣದ ಮೇಲೆ ಎಳೆದರೆ ಜುಂಗು ಕೂರುತ್ತದೆ. ಅಡಿಕೆ ಬೇಯಿಸಿದ ಚೊಗರು ಶಿರಸಿಯ ನೆಂಟರ ಮನೆಯಿಂದ ಬಾಟಲಿಯಲ್ಲಿ ಬಂತು.

ಇಷ್ಟಾದರೂ ಹೊಲಿಗೆ ನಿಲ್ಲಲಿಲ್ಲ. ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಸಡಿಲ. ದಿನಕ್ಕೆ ಒಂದು ಗೇಣು ಹೊಲಿದು ಮರುದಿನ ಅಷ್ಟನ್ನೂ ಬಿಚ್ಚುವುದು. ಪಕ್ಕದಲ್ಲಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತ ಕೂತಿದ್ದ ಹೆಂಡತಿ ಹದಿನೈದು ದಿನ ಸುಮ್ಮನೆ ನೋಡಿದರು.

‘ದಾರ ಹಂಗ ಜಗ್ಗಬ್ಯಾಡ್ರಿ. ಜಗ್ಗೋದು ಬ್ಯಾರೆ, ಬಿಗಿಯೋದು ಬ್ಯಾರೆ.’

‘ನೀ ಹೊಲಿ ಹಂಗಾರೆ.’

‘ಸರೀರಿ ಆಕಡೆ.’

ದೋಣಿ ಹೊಲಿಯುವುದು ಇಬ್ಬರ ಕೆಲಸ ಎಂಬುದು ಅವರಿಗೆ ಆಗ ನೆನಪಾಯಿತಂತೆ. ಒಬ್ಬ ಒಳಗೆ, ಒಬ್ಬ ಹೊರಗೆ. ಒಳಗಿನವನು ಹುರಿ ತೂರಿಸಿದರೆ ಹೊರಗಿನವನು ಎಳೆದು, ಹಿಡಿದು, ವಾಪಸು ಕೊಡಬೇಕು. ಎರಡು ಕೈಯ ಬಿಗಿ ಒಂದೇ ಸಮ ಇರಬೇಕು. ಅಪ್ಪ ಹೊರಗೆ ಕೂತರೆ ಒಳಗೆ ಚಿಕ್ಕಪ್ಪ ಕೂರುತ್ತಿದ್ದರು. ಇಗತಪುರಿಯ ಊಟದ ಮೇಜಿನ ಮೇಲೆ ಈಗ ಒಳಗಿನ ಕೈ ಆಕೆಯದು. ಕೌದಿಯ ಕೈಗೆ ಒಂದೇ ಅಂತರದ ಹೊಲಿಗೆ ಹಾಕಲು ಅಳತೆಪಟ್ಟಿ ಬೇಕಿಲ್ಲ. ನಾರಿನ ಬತ್ತಿಯನ್ನು ಸಂದಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ, ದಾರವನ್ನು ಎರಡು ಸಲ ಅಡ್ಡ ಹಾಯಿಸಿ, ಮೂರನೆಯ ಸಲಕ್ಕೆ ಬಿಗಿ. ಶಿಫ್ಟ್ ಡ್ಯೂಟಿಯ ಮೂವತ್ತೆಂಟು ವರ್ಷದಲ್ಲಿ ಈ ದಂಪತಿ ಒಟ್ಟಿಗೆ ಕೂತು ಮಾಡಿದ ಕೆಲಸಗಳು ಬೆರಳೆಣಿಕೆಯವು. ಈಗ ಮಧ್ಯಾಹ್ನ ಎರಡರಿಂದ ನಾಲ್ಕು, ಬೆಳಕು ಕಿಟಕಿಗೆ ಬರುವ ಹೊತ್ತು, ಇಬ್ಬರೂ ಎದುರುಬದುರು ಕೂರುತ್ತಾರೆ. ಅವರಿಗೆ ಒಂದು ಕಣ್ಣಿನ ಪೊರೆ ತೆಗೆದಾಗಿದೆ, ಇನ್ನೊಂದು ಬಾಕಿ. ಸೂಜಿಗೆ ದಾರ ಪೋಣಿಸುವುದೂ ಆಕೆಯೇ.

ಮಳೆಗಾಲದಲ್ಲಿ ಮಾತ್ರ ಕೆಲಸ ಬಂದ್. ಇಗತಪುರಿಯ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಜುಲೈಯಲ್ಲಿ ಗೋಡೆ ಬೆವರುತ್ತದೆ, ಬೆಂಕಿಪೆಟ್ಟಿಗೆ ಹತ್ತುವುದಿಲ್ಲ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಮಳೆಯಲ್ಲಿ ಕೂರಿಸಿದ ಹಲಗೆ ಮಾರ್ಚಿಯಲ್ಲಿ ಸಂದಿ ಬಿಡುತ್ತದೆ. ಹಾಗಾಗಿ ಕೊಯ್ದಿಟ್ಟ ಪಟ್ಟಿಗಳೆಲ್ಲ ತಗಡಿನ ಕಪಾಟಿನೊಳಗೆ, ಸಣ್ಣ ಬಲ್ಬೊಂದನ್ನು ಹಗಲೂ ರಾತ್ರಿ ಉರಿಸಿಟ್ಟು. ಹೊಲಿದು ಮುಗಿದ ಭಾಗಕ್ಕೆ ಈ ಭಯವಿಲ್ಲ. ಹಲಗೆ ಹಿಗ್ಗಿದಷ್ಟೂ ಸಂದಿ ಬಿಗಿಯಾಗುತ್ತದೆ, ಕುಗ್ಗಿದರೆ ದಾರ ಹಿಡಿದಿರುತ್ತದೆ. ಅಂಟಿಸಿದ ಮೊದಲ ಹಡಗು ಅಟ್ಟದ ಮೇಲೆ ಎರಡು ಮಳೆಗಾಲಕ್ಕೆ ನಾಲ್ಕು ಕಡೆ ಬಾಯಿ ಬಿಟ್ಟಿದೆ.

ಅಪ್ಪನ ಸಾಮಾನಿನಲ್ಲಿ ಅವರ ಬಳಿ ಉಳಿದಿರುವುದು ಒಂದು ಮರದ ಕೊಡತಿ, ಹೊಲಿಗೆಯ ಸಂದಿಗೆ ನಾರು ಬಡಿಯುತ್ತಿದ್ದದ್ದು. ಉಳಿದದ್ದು ಮನೆ ಬಿಡುವಾಗ ಎಲ್ಲೆಲ್ಲೋ ಹೋಯಿತು. ಕಾರವಾರದ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಕಡಲಂಚಿನ ಊರುಗಳ ಸಾವಿರಾರು ಕುಟುಂಬಗಳು ಎದ್ದು ಹೋಗಬೇಕಾಯಿತು, ಅರಗಾ ಅವುಗಳಲ್ಲೊಂದು. 2005ರಲ್ಲಿ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಕಾಕಾ ಈ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಕೇಳಿದರೆ ಹೆದ್ದಾರಿಯ ಬಸ್ಸಿನಿಂದ ಗೋಡೆ ಕಾಣುತ್ತದೆ, ಗೋಡೆಯ ಆಚೆ ಒಂದು ತೆಂಗಿನಮರದ ತಲೆ ಕಾಣುತ್ತದೆ, ಅದು ತಮ್ಮದೇ ಇರಬಹುದು ಎಂದು ನಗುತ್ತಾರೆ.

2025ರ ಮೇ 21ರಂದು ಅಜಂತಾದ ಹಡಗು ನೌಕಾಪಡೆ ಸೇರಿತು. ಸಮಾರಂಭ ನಡೆದದ್ದು ಕಾರವಾರದ ಅದೇ ನೆಲೆಯಲ್ಲಿ. ಕಡಲು ದಾಟಿ ಆಗ್ನೇಯ ಏಷ್ಯಾಕ್ಕೆ ಹೋದನೆಂದು ಹೇಳುವ ಕೌಂಡಿನ್ಯನ ಹೆಸರನ್ನು ಹಡಗಿಗೆ ಇಟ್ಟರು. ಅರ್ಧ ಶತಮಾನದ ಹಿಂದೆ ಹೊಲಿದ ದೋಣಿಗಳನ್ನು ಎಳೆದು ಹಾಕುತ್ತಿದ್ದ ತೀರಕ್ಕೆ ಹೊಲಿದ ಹಡಗೊಂದು ವಾಪಸು ಬಂತು, ಗೋಡೆಯ ಒಳಗೆ. ಕಾಕಾ ಟೀವಿಯಲ್ಲಿ ನೋಡುವಾಗ ಭಾಷಣ ಕೇಳಲಿಲ್ಲ. ಹಡಗಿನ ಹಿಂದೆ ಕಾಣುವ ಗುಡ್ಡದ ಸಾಲು ಯಾವುದೆಂದು ಗುರುತಿಸುತ್ತಿದ್ದರು. ಆ ಡಿಸೆಂಬರ್ 29ರಂದು ಕೌಂಡಿನ್ಯ ಪೋರಬಂದರಿನಿಂದ ಎಂಜಿನ್ ಇಲ್ಲದೆ, ಹಾಯಿ ನಂಬಿ ಹೊರಟು 2026ರ ಜನವರಿ 14ಕ್ಕೆ ಮಸ್ಕತ್ ಮುಟ್ಟಿತು. ಆ ಹದಿನೇಳು ದಿನ ಮನೆಯಲ್ಲಿ ದಿನಾ ಬೆಳಿಗ್ಗೆ ಮೊದಲು ನೋಡುತ್ತಿದ್ದದ್ದು ಹಡಗು ಎಲ್ಲಿದೆ ಎಂದು. ‘ಹೊಲಿಗಿ ಹಿಡದೈತಲ್ಲ’ ಎಂದು ಹೆಂಡತಿ ಹೇಳಿದ್ದು ಹತ್ತನೆಯ ದಿನ.

ಈಗ ಮಾದರಿಯ ಹೊಟ್ಟೆ ಪೂರ್ತಿ ಹೊಲಿದಾಗಿದೆ, ಒಳಗಿನ ಎಲುಬುಗಳನ್ನು ಕಟ್ಟುವುದು ನಡೆದಿದೆ. ಬಾಕಿ ಇರುವುದು ಕಂಬ ಮತ್ತು ಹಾಯಿ. ಹಾಯಿಗೆ ಅಂಗಡಿಯ ಬಟ್ಟೆ ಆಗುವುದಿಲ್ಲ, ನೇಯ್ಗೆ ದಪ್ಪ ಕಾಣುತ್ತದೆ; ನೂರಾರು ಸಲ ಒಗೆದು ತೆಳ್ಳಗಾದ ಧೋತರ ಬೇಕು. ಕೌಂಡಿನ್ಯದ ಹಾಯಿಯ ಮೇಲೆ ಗಂಡಭೇರುಂಡ ಇದೆ. ಕರ್ನಾಟಕದ ಬಸ್ಸಿನ ಮೇಲೆ ನೋಡಿದ ಹಕ್ಕಿ ಅದು ಎಂದು ಮೊಮ್ಮಗ ಗುರುತು ಹಿಡಿದು, ಬರೆಯಲೇಬೇಕು ಎಂದು ಹಟ ಹಿಡಿದಿದ್ದಾನೆ. ಅಜಂತಾದ ಚಿತ್ರದಲ್ಲಿ ಇಲ್ಲ, ರಂಪಣಿ ದೋಣಿಗೂ ಇರಲಿಲ್ಲ, ಹಾಗಾಗಿ ಬೇಡ ಎಂಬುದು ಕಾಕಾ ಅವರ ವಾದ. ಬರೆಯುವುದಲ್ಲ, ದಾರದಲ್ಲಿ ಹಾಕಿಕೊಡುತ್ತೇನೆ ಎಂದು ಅಜ್ಜಿ ಹೇಳಿದ್ದಾರೆ. ಧೋತರ ಕತ್ತರಿಸಿ ಮೂರು ತುಂಡು ಮಾಡಿ ಆಗಿದೆ, ಮೂತಿಗೆ ಕಣ್ಣು ಬರೆಯುವುದು ಮಳೆ ಹಿಡಿಯುವ ಮೊದಲು ಮುಗಿಯಬೇಕು.